ಪಡುಗಡಲ ಒಡೆಯನ ಹಡಗು ಎಲ್ಲಿತ್ತು?

ಓದುಗರ ಪ್ರಶ್ನೆ: ನಾನು ಹೊನ್ನಾವರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೃಷ್ಣದೇವರಾಯನ ಪಾಠ ಮಾಡುವಾಗ ವಿಜಯನಗರದ ಅರಸರ ‘ಪೂರ್ವ ದಕ್ಷಿಣ ಪಶ್ಚಿಮ ಸಮುದ್ರಾಧೀಶ್ವರ’ ಎಂಬ ಬಿರುದನ್ನು ಬೋರ್ಡಿನ ಮೇಲೆ ಬರೆದೆ. ಮೀನುಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತು, “ಅಕ್ಕೋರೇ, ಸಮುದ್ರದ ಒಡೆಯ ಅಂದ್ರೆ ರಾಯನ ಹಡಗು ಎಲ್ಲಿತ್ತು?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದರೆ ವಾಟ್ಸಾಪಿನಲ್ಲಿ ಒಬ್ಬರು, ರಾಯನಿಗೆ 300 ಬಂದರು, ನೂರಾರು ಯುದ್ಧನೌಕೆ ಇದ್ದವು ಎನ್ನುತ್ತಾರೆ. ಇನ್ನೊಬ್ಬರು, ಪೋರ್ಚುಗೀಸರ ಸ್ನೇಹ ಮಾಡಿ ಗೋವಾ ಬಿಟ್ಟುಕೊಟ್ಟದ್ದೇ ರಾಯ ಎನ್ನುತ್ತಾರೆ. ನಮ್ಮ ಸಹೋದ್ಯೋಗಿಯೊಬ್ಬರ ಪ್ರಕಾರ ಸಮುದ್ರ ದಾಟಬಾರದು ಎಂಬ ಕಟ್ಟಳೆ ಇದ್ದದ್ದರಿಂದ ನಮ್ಮ ರಾಜರು ಹಡಗು ಕಟ್ಟಲೇ ಇಲ್ಲ. ಮಕ್ಕಳಿಗೆ ಏನು ಹೇಳಲಿ? ಹಡಗು ಇರಲಿಲ್ಲ ಎಂದರೆ ರಾಯನನ್ನು ಸಣ್ಣವನನ್ನಾಗಿ ಮಾಡಿದ ಹಾಗಾಗುತ್ತದೆಯೇ ಎಂಬ ಅಳುಕೂ ಇದೆ.

ಉತ್ತರ:

ಮೇಡಂ, ಮೊದಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಭಾಷ್ ಹೇಳಿ. ಕರಾವಳಿಯ ಶಾಸನ ಓದುವ ಕೆಲಸದಲ್ಲಿ ನಾನು ಸುಮಾರು ಮೂವತ್ತು ವರ್ಷ ಕಳೆದಿದ್ದೇನೆ. ಘಟ್ಟದ ಮೇಲಿನ ಕಾಲೇಜುಗಳಲ್ಲಿ ಈ ಬಿರುದನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಒಬ್ಬರೂ ಹಡಗಿನ ಬಗ್ಗೆ ಕೇಳಿರಲಿಲ್ಲ. ವಿಜಯನಗರ ಎಂದ ಕೂಡಲೇ ನಮಗೆ ಆನೆ, ಕುದುರೆ, ಕೋಟೆ ಕಣ್ಣಿಗೆ ಬರುತ್ತವೆ. ಕಡಲ ಒಡೆಯ ಎಂದರೆ ದೋಣಿ ಇರಲೇಬೇಕಲ್ವಾ ಎಂದು ದಡದಲ್ಲಿ ಬೆಳೆದ ಹುಡುಗನಿಗೆ ಹೊಳೆಯಿತು.

ನಿಮ್ಮ ಅಳುಕಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಿಜ ಹೇಳಿದರೆ ರಾಯ ಸಣ್ಣವನಾಗುವುದಿಲ್ಲ. ಆತ ಎಂಥ ಇಕ್ಕಟ್ಟಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದ ಎಂಬುದು ಮಕ್ಕಳಿಗೆ ಗೊತ್ತಾದರೆ ಅವನ ಮೇಲಿನ ಗೌರವ ಜಾಸ್ತಿಯೇ ಆಗುತ್ತದೆ. ನನಗಂತೂ ಹಾಗೆಯೇ ಆಗಿದೆ.

ಬಿರುದಿನಿಂದ ಶುರು ಮಾಡೋಣ. ಇದು ಕೃಷ್ಣದೇವರಾಯನ ಕಾಲದಲ್ಲಿ ಹುಟ್ಟಿದ್ದಲ್ಲ. ಹರಿಹರ, ಬುಕ್ಕರ ಕಾಲದಿಂದಲೂ ಶಾಸನಗಳಲ್ಲಿ ಬರುತ್ತದೆ. ಮೊದಲು ಪೂರ್ವ, ಪಶ್ಚಿಮ ಎಂದಿತ್ತು. ರಾಜ್ಯ ತೆಂಕಲಿಗೆ ಬೆಳೆದ ಮೇಲೆ ದಕ್ಷಿಣವೂ ಸೇರಿಕೊಂಡಿತು. ಹೊಲದ ಪತ್ರ ಬರೆಸುವಾಗ ನಾವು ಚಕ್ಕುಬಂದಿ ಹೇಳುತ್ತೇವಲ್ಲ, ಮೂಡಣಕ್ಕೆ ಹಳ್ಳ, ಪಡುವಣಕ್ಕೆ ಗಾಡಿದಾರಿ ಎಂದು? ಈ ಬಿರುದು ಹೆಚ್ಚುಕಡಿಮೆ ಅಂಥದ್ದೇ. ನನ್ನ ನೆಲ ಈ ಕಡಲಿಂದ ಆ ಕಡಲಿನವರೆಗೆ ಇದೆ ಎಂಬ ಘೋಷಣೆ ಅದು. ಕೃಷ್ಣದೇವರಾಯನ ಮಟ್ಟಿಗೆ ಈ ಚಕ್ಕುಬಂದಿ ಸುಳ್ಳಲ್ಲ. ಪಡುವಣದಲ್ಲಿ ಮಂಗಳೂರು, ಬಾರಕೂರು ಸಾಮ್ರಾಜ್ಯದ ಆಡಳಿತದಲ್ಲಿದ್ದವು. ಭಟ್ಕಳ, ಹೊನ್ನಾವರದ ಕಡೆ ಗೇರುಸೊಪ್ಪೆ, ಹಾಡುವಳ್ಳಿಯ ಸಾಳುವ ಅರಸರಂಥವರು ಕಪ್ಪ ಕೊಟ್ಟು ಆಳುತ್ತಿದ್ದರು. ಮೂಡಣದಲ್ಲಿ ರಾಯ ಒಡಿಶಾದ ಗಜಪತಿ ಅರಸರ ಮೇಲೆ ದಂಡೆತ್ತಿ ಹೋಗಿ 1516ರಲ್ಲಿ ಸಿಂಹಾಚಲದವರೆಗೆ ಮುಟ್ಟಿದ. ಅವನ ಮನೆತನದ ಹೆಸರೇ ತುಳುವ. ಅವನ ಮೂಲವೇ ಕರಾವಳಿಯ ಕಡೆಯದು ಎಂದು ಆ ಹೆಸರೇ ಹೇಳುತ್ತದೆ.

ಆದರೆ ನೆಲದ ಅಂಚಿನಲ್ಲಿ ಕಡಲು ಇರುವುದು ಬೇರೆ, ಕಡಲಿನ ಮೇಲೆ ಹಿಡಿತ ಇರುವುದು ಬೇರೆ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸ್, ಅವನ ನಂತರ ಬಂದ ಕುದುರೆ ವ್ಯಾಪಾರಿ ನೂನಿಜ್, ಇಬ್ಬರೂ ವಿಜಯನಗರದ ಸೈನ್ಯವನ್ನು ಎಣಿಸಿ ಎಣಿಸಿ ಬರೆದಿದ್ದಾರೆ. ಕಾಲಾಳು ಎಷ್ಟು, ಆನೆ ಎಷ್ಟು, ಕುದುರೆಗೆ ಹೊದಿಸಿದ ಬಟ್ಟೆ ಎಂಥದ್ದು ಎಂಬುದೂ ಅದರಲ್ಲಿದೆ. ಇಬ್ಬರೂ ಹಡಗಿನಲ್ಲೇ ಈ ದೇಶಕ್ಕೆ ಬಂದವರು. ರಾಯನಿಗೆ ಒಂದು ಕಾಯಂ ಯುದ್ಧನೌಕಾಪಡೆ ಇದ್ದಿದ್ದರೆ ಅದು ಅವರ ಕಣ್ಣು ತಪ್ಪುತ್ತಿರಲಿಲ್ಲ.

ಹಾಗಾದರೆ ಆ 300 ಬಂದರು ಎಲ್ಲಿಂದ ಬಂತು? ಅದು ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬರೆದ ಮಾತು. ಅವನು ವಿಜಯನಗರಕ್ಕೆ ಬಂದದ್ದು 1443ರಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅಂದರೆ 66 ವರ್ಷ ಹಿಂದಿನ ಮಾತನ್ನು ತಂದು ಇವನಿಗೆ ಅಂಟಿಸಿದ್ದಾರೆ. ಅಷ್ಟೂ ಅಲ್ಲದೆ ಅವನು ಹೇಳಿದ್ದು ಬಂದರುಗಳ ಮಾತು, ಅದೂ ಮೆಚ್ಚುಗೆಯ ಭರದಲ್ಲಿ, ಒಂದೊಂದೂ ಕಲ್ಲಿಕೋಟೆಗೆ ಸಮ ಎಂದು. ಯುದ್ಧನೌಕೆಯ ಲೆಕ್ಕ ಅದರಲ್ಲಿಲ್ಲ.

ಸಮುದ್ರ ದಾಟಬಾರದು ಎಂಬ ಕಟ್ಟಳೆಯ ವಿಚಾರಕ್ಕೆ ಬರುತ್ತೇನೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ತುಂಬ ಜನ ನಂಬಿರುವ ಮಾತು. ಅಂಥ ನಿಷೇಧ ಶಾಸ್ತ್ರಗ್ರಂಥಗಳಲ್ಲಿ ಇರುವುದು ನಿಜ. ಆದರೆ ಅದು ರಾಜ್ಯದ ಕೈ ಕಟ್ಟಿಹಾಕಿತ್ತು ಎನ್ನಲು ಆಗದು. ಕ್ರಿ.ಶ. 634ರ ಐಹೊಳೆ ಶಾಸನವನ್ನೇ ನೋಡಿ. ಇಮ್ಮಡಿ ಪುಲಕೇಶಿ ನೂರಾರು ನೌಕೆಗಳೊಂದಿಗೆ ಪಡುಗಡಲಿನ ಪುರಿ ಎಂಬ ಪಟ್ಟಣದ ಮೇಲೆ ಬಿದ್ದದ್ದನ್ನು ಆ ಶಾಸನದ ಕವಿ ರವಿಕೀರ್ತಿ ವರ್ಣಿಸುತ್ತಾನೆ. ಆ ನೌಕೆಗಳನ್ನು ಮದವೇರಿದ ಆನೆಗಳಿಗೆ ಹೋಲಿಸುತ್ತಾನೆ. ವಿಜಯನಗರದಲ್ಲೇ ಎರಡನೆಯ ದೇವರಾಯನ ದಂಡನಾಯಕ ಲಕ್ಕಣ್ಣ ಸಿಂಹಳದ ಕಡೆಗೆ ಕಡಲಯಾನ ಹೋಗಿದ್ದ. ಅವನಿಗೆ ದಕ್ಷಿಣ ಸಮುದ್ರಾಧಿಪತಿ ಎಂಬ ಬಿರುದೂ ಇತ್ತು. ಇನ್ನು ನಿಮ್ಮ ಹೊನ್ನಾವರದ ತಿಮ್ಮೋಜ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಅವನು ಹಿಂದೂ, ಹಡಗುಪಡೆ ಕಟ್ಟಿದ್ದವನು, ಕಡಲಿನಲ್ಲೇ ಬದುಕಿದವನು. ಖಾರ್ವಿಗಳು, ಮೊಗವೀರರು, ಕೊಂಕಣಿ ವರ್ತಕರು, ಭಟ್ಕಳದ ನವಾಯತರು ಯಾರೂ ಕಡಲಿಗೆ ಬೆನ್ನು ಹಾಕಿ ಕೂತಿರಲಿಲ್ಲ. ಹಡಗು ಕಟ್ಟುವವರೂ ಇದ್ದರು, ನಡೆಸುವವರೂ ಇದ್ದರು. ಅವರು ರಾಯನ ಸಂಬಳದ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ.

ಈಗ ನನಗೆ ಬಹಳ ಮುಖ್ಯ ಎನಿಸುವ ವಿಷಯ, ಕುದುರೆ. ರಾಯನಿಗೂ ಪಡುಗಡಲಿಗೂ ಇದ್ದ ನಂಟನ್ನು ಒಂದೇ ಪದದಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಯುದ್ಧಕ್ಕೆ ಬೇಕಾದ ದೊಡ್ಡ ಕುದುರೆ ನಮ್ಮ ದಖ್ಖನಿನಲ್ಲಿ ಚೆನ್ನಾಗಿ ಹುಟ್ಟಿ ಬೆಳೆಯುತ್ತಿರಲಿಲ್ಲ. ಹವೆ ಒಗ್ಗದು, ಅದಕ್ಕೆ ಬೇಕಾದಂಥ ಹುಲ್ಲುಗಾವಲು ಕಡಿಮೆ. ಅರೇಬಿಯಾ, ಪರ್ಷಿಯಾಗಳಿಂದ ತರಿಸಲೇಬೇಕು. ಹೋರ್ಮುಜ್, ಏಡನ್ ಬಂದರುಗಳಲ್ಲಿ ಹತ್ತಿಸಿ, ವಾರಗಟ್ಟಲೆ ಕಡಲಿನಲ್ಲಿ ತಂದು, ಭಟ್ಕಳದಲ್ಲೋ ಗೋವಾದಲ್ಲೋ ಇಳಿಸಬೇಕು. ಅಲ್ಲಿಂದ ಘಟ್ಟ ಹತ್ತಿಸಿ ಹಂಪಿಗೆ ನಡೆಸಬೇಕು. ಭಟ್ಕಳದಿಂದ ಹಂಪಿಗೆ ಈಗಿನ ರಸ್ತೆಯಲ್ಲೇ 300 ಕಿಲೋಮೀಟರಿಗಿಂತ ಜಾಸ್ತಿ. ಮಳೆಗಾಲದಲ್ಲಿ ಕಡಲು ಬಂದ್. ಅದು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ, ಜೂನ್ ಮತ್ತು ಜುಲೈನಲ್ಲಿ ಅವರ ಮನೆಯ ಬೋಟುಗಳು ದಡದಲ್ಲೇ ಇರುತ್ತವೆ. ಹಾಯಿ ಹಡಗಿನ ಕಾಲದಲ್ಲಿ ಆ ಬಂದ್ ಇನ್ನೂ ಉದ್ದ. ಉಳಿದ ತಿಂಗಳುಗಳಲ್ಲಿ ಬಂದದ್ದೇ ಆ ವರ್ಷದ ಕುದುರೆ.

ಎಷ್ಟು ಕುದುರೆ? ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ನೂನಿಜ್ ಬರೆದಿದ್ದಾನೆ. ಇದನ್ನು 13,000 ಅರಬ್ಬಿ ಕುದುರೆ ಎಂದು ಹೇಳಿಬಿಡುವವರು ಬಹಳ. ದಯವಿಟ್ಟು ತರಗತಿಯಲ್ಲಿ ಹಾಗೆ ಹೇಳಬೇಡಿ. ನೂನಿಜನ ಲೆಕ್ಕದಲ್ಲಿ ಹೋರ್ಮುಜಿನವೂ ಇವೆ, ನಾಡತಳಿಯವೂ ಇವೆ, ಎರಡೂ ಸೇರಿ ಅಷ್ಟು. ಒಳ್ಳೆಯವನ್ನು ರಾಯ ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದ.

ನೂನಿಜ್ ಇನ್ನೊಂದು ವಿಷಯ ಬರೆದಿದ್ದಾನೆ. ನಾನು ಅದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕೃಷ್ಣದೇವರಾಯನಿಗಿಂತ ಸ್ವಲ್ಪ ಮುಂಚೆ ಆಳಿದ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರು ಕುದುರೆಯಂತೆ ಕೊಳ್ಳುತ್ತಿದ್ದನಂತೆ. ಪರ್ದಾವ್ ಎಂದರೆ ನಮ್ಮ ವರಾಹಕ್ಕೆ ಪೋರ್ಚುಗೀಸರು ಇಟ್ಟ ಹೆಸರು. ಕುದುರೆ ಬದುಕಿದ್ದರೂ ಅದೇ ಬೆಲೆ, ಸತ್ತಿದ್ದರೂ ಅದೇ ಬೆಲೆ. ಕಡಲಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಸಿಗುತ್ತಿತ್ತು.

ಇದರ ಅರ್ಥ ಏನು ನೋಡಿ. ಹಡಗು ವರ್ತಕನದ್ದು. ನಾವಿಕರು ವರ್ತಕನವರು. ಆದರೆ ಕಡಲಿನ ನಷ್ಟ ರಾಜನದ್ದು. ಇವತ್ತು ವಿಮೆ ಕಂಪನಿ ಮಾಡುವ ಕೆಲಸವನ್ನು ಹಂಪಿಯ ಬೊಕ್ಕಸ ಮಾಡುತ್ತಿತ್ತು. ವಿಜಯನಗರ ಕಡಲಿನ ಮೇಲೆ ಹಣ ಹಾಕಿದ್ದು ಹೀಗೆ. ಹಡಗು ಕಟ್ಟುವ ಬದಲು, ಹಡಗು ತರುವವನಿಗೆ ಭಯ ಇಲ್ಲದಂತೆ ಮಾಡಿತು.

ಕೃಷ್ಣದೇವರಾಯನೂ ಇದೇ ದಾರಿಯವನು. ಅವನು ತೆಲುಗಿನಲ್ಲಿ ಬರೆದ ‘ಆಮುಕ್ತಮಾಲ್ಯದ’ದಲ್ಲಿ ರಾಜನೀತಿಯ ಭಾಗ ಬರುತ್ತದೆ. ರಾಜನಾದವನು ತನ್ನ ಬಂದರುಗಳನ್ನು ಸುಧಾರಿಸಬೇಕು, ಕುದುರೆ, ಆನೆ, ರತ್ನ, ಗಂಧ, ಮುತ್ತು ಧಾರಾಳವಾಗಿ ಬರುವ ಹಾಗೆ ವ್ಯಾಪಾರ ಬೆಳೆಸಬೇಕು ಎನ್ನುತ್ತಾನೆ. ಬಿರುಗಾಳಿಗೆ ಸಿಕ್ಕಿ, ಕಾಯಿಲೆ ಬಿದ್ದು, ದಣಿದು ದಡಕ್ಕೆ ಬಂದ ಪರದೇಶದವರನ್ನು ಅವರವರ ದೇಶಕ್ಕೆ ತಕ್ಕ ಹಾಗೆ ನೋಡಿಕೊಳ್ಳಬೇಕು ಎನ್ನುತ್ತಾನೆ. ಕುದುರೆ, ಆನೆ ತರುವ ದೂರದ ವರ್ತಕರಿಗೆ ದಿನವೂ ದರ್ಶನ ಕೊಟ್ಟು, ಉಡುಗೊರೆ ಕೊಟ್ಟು, ಒಳ್ಳೆಯ ಲಾಭ ಬಿಟ್ಟು ತನ್ನವರನ್ನಾಗಿ ಮಾಡಿಕೊಳ್ಳಬೇಕು. ಯಾಕೆ? ಆ ಸರಕು ಶತ್ರುವಿನ ಕೈಗೆ ಹೋಗಬಾರದು. ರಾಜನೊಬ್ಬ ತಾನೇ ಕೂತು ಬರೆದ ಕಡಲ ನೀತಿ ಇದು. ಇದರಲ್ಲಿ ಬಂದರು ಇದೆ, ವರ್ತಕ ಇದ್ದಾನೆ, ನಾವಿಕನ ಆರೈಕೆ ಇದೆ. ಯುದ್ಧನೌಕೆಯ ಮಾತಿಲ್ಲ.

ಅದು ಕೆಟ್ಟ ನೀತಿಯೇನಲ್ಲ. ನೂರಾರು ವರ್ಷ ನಡೆದ ನೀತಿ. ಅರಬ್ಬರು, ಗುಜರಾತಿಗಳು, ಮಲಬಾರಿನವರು, ನಮ್ಮ ಕರಾವಳಿಯವರು ಎಲ್ಲರೂ ಈ ಕಡಲಿನಲ್ಲಿ ಓಡಾಡುತ್ತಿದ್ದರು. ಒಬ್ಬ ಮಾರದಿದ್ದರೆ ಇನ್ನೊಬ್ಬ ಮಾರುತ್ತಿದ್ದ. ಎಲ್ಲ ದಾರಿಗೂ ಒಬ್ಬನೇ ಬೀಗ ಹಾಕಿದರೆ ಮಾತ್ರ ಈ ನೀತಿ ಕುಸಿಯುತ್ತದೆ. ಅದೇ ಆಯಿತು.

ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದರು. 1505ರಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿದರು, ಅದೇ ವರ್ಷ ನಿಮ್ಮ ಹೊನ್ನಾವರದ ಮೇಲೆ ದಾಳಿ ಮಾಡಿ ಬೆಂಕಿ ಇಟ್ಟರು. 1507ರಲ್ಲಿ ಹೋರ್ಮುಜಿನ ಮೇಲೆ ಬಿದ್ದರು, 1515ರಲ್ಲಿ ಅದನ್ನು ಪೂರ್ತಿ ಹಿಡಿದರು. ನಡುವೆ 1510ರಲ್ಲಿ ಗೋವಾ. ಅಂದರೆ ಕುದುರೆ ಹತ್ತುವ ಬಂದರೂ ಅವರದ್ದು, ಇಳಿಯುವ ಬಂದರೂ ಅವರದ್ದು. ನಡುವಿನ ನೀರಿನಲ್ಲಿ ಓಡಾಡಲು ಅವರ ಪರವಾನಗಿ ಚೀಟಿ ಬೇಕು, ಅದಕ್ಕೆ ಕರ್ತಾಜ್ ಎನ್ನುತ್ತಿದ್ದರು. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕಿನ ಸಮೇತ ಜಪ್ತಿ.

ಈಗ ಗೋವಾ ಬಿಟ್ಟುಕೊಟ್ಟ ಕತೆ. ಇದನ್ನು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. 1510ರಲ್ಲಿ ಗೋವಾ ರಾಯನ ಕೈಯಲ್ಲಿ ಇರಲೇ ಇಲ್ಲ. ಅದು ಹಿಂದೆ ವಿಜಯನಗರದ್ದಾಗಿತ್ತು ನಿಜ. ಆದರೆ 1472ರಲ್ಲೇ ಬಹಮನಿಯ ಮಹಮೂದ್ ಗಾವಾನ್ ಅದನ್ನು ಗೆದ್ದುಕೊಂಡಿದ್ದ. ಮುಂದೆ ಅದು ಬಿಜಾಪುರದ ಆದಿಲ್‌ಶಾಹಿಗಳಿಗೆ ಹೋಯಿತು. ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗೋವಾವನ್ನು ಕಿತ್ತುಕೊಂಡದ್ದು ಬಿಜಾಪುರದಿಂದ. ಆ ವರ್ಷದ ಶುರುವಿನಲ್ಲಿ ಹಿಡಿದ, ಮಳೆಗಾಲದ ಹೊತ್ತಿಗೆ ಕಳೆದುಕೊಂಡ, ನವೆಂಬರ್ 25ರಂದು ಮತ್ತೆ ಹಿಡಿದ. ಗೋವಾದ ಮೇಲೆ ಹೋಗು ಎಂದು ಅವನನ್ನು ಒತ್ತಾಯಿಸಿದ್ದು ಹೊನ್ನಾವರದ ತಿಮ್ಮೋಜ. ಹಾಗೆಂದು ತಿಮ್ಮೋಜನನ್ನು ದ್ರೋಹಿ ಎಂದು ಮಕ್ಕಳಿಗೆ ಹೇಳಬೇಡಿ. ಅವನ ಕಣ್ಣಿಗೆ ಗೋವಾ ಎಂದರೆ ಹೊನ್ನಾವರ, ಭಟ್ಕಳದ ಕುದುರೆ ವ್ಯಾಪಾರವನ್ನು ಕಿತ್ತುಕೊಂಡ ಎದುರಾಳಿ ಬಂದರು. ಗೋವಾದ ಕಡೆ ಹೊರಟ ಕುದುರೆ ಹಡಗುಗಳನ್ನು ಹೊನ್ನಾವರದ ಹಡಗುಗಳು ತಡೆಯುತ್ತಿದ್ದವು ಎಂದು ಪೋರ್ಚುಗೀಸರೇ ಬರೆದಿದ್ದಾರೆ. ಆ ಹುಡುಗ ಕೇಳಿದ ‘ರಾಯನ ಹಡಗು’ ಎಂಬುದಕ್ಕೆ ಅತಿ ಹತ್ತಿರದ್ದು ಯಾವುದಾದರೂ ಇದ್ದರೆ ಅದು ಇದೇ. ಅದು ಹಂಪಿಯ ಹಡಗಲ್ಲ, ಶರಾವತಿ ಅಳಿವೆಯ ಹಡಗು.

ಈಗ ರಾಯನ ಜಾಗದಲ್ಲಿ ಒಂದು ಗಳಿಗೆ ಕೂತು ನೋಡೋಣ. ಪಟ್ಟಕ್ಕೆ ಬಂದು ಒಂದು ವರ್ಷ ಆಗಿದೆ. ಬಡಗಣದಲ್ಲಿ ಬಿಜಾಪುರ, ಮೂಡಣದಲ್ಲಿ ಗಜಪತಿ. ಪಡುವಣದ ಕಡಲಿನಲ್ಲಿ ಫಿರಂಗಿ ಹೊತ್ತ ಹಡಗು. ಅವನ ಮುಂದೆ ಯಾವ ದಾರಿಗಳಿದ್ದವು?

ಸ್ವಂತ ನೌಕಾಪಡೆ ಕಟ್ಟಬಹುದಿತ್ತು. ಮರ ಇತ್ತು, ಬಡಗಿಗಳಿದ್ದರು, ನಾವಿಕರಿದ್ದರು. ಆದರೆ 1509ರ ಫೆಬ್ರವರಿಯಲ್ಲಿ, ಅವನು ಪಟ್ಟಕ್ಕೆ ಬರುವ ಕೆಲವೇ ತಿಂಗಳು ಮುಂಚೆ, ದಿಯು ಬಂದರಿನ ಎದುರು ಈಜಿಪ್ಟ್, ಗುಜರಾತ್, ಕಲ್ಲಿಕೋಟೆಗಳ ಹಡಗುಗಳು ಒಟ್ಟು ಸೇರಿ ಪೋರ್ಚುಗೀಸರ ಎದುರು ಸೋತಿದ್ದವು. ತಲೆತಲಾಂತರದಿಂದ ಕಡಲಿನಲ್ಲೇ ಬದುಕಿದವರೇ ಸೋತ ಮೇಲೆ, ಹೊಸದಾಗಿ ಶುರು ಮಾಡುವ ಹಂಪಿಯ ರಾಜ ಏನು ಮಾಡಬೇಕಿತ್ತು? ಹಡಗಿನ ಖರ್ಚು ಎಂದರೆ ಕುದುರೆಯ ಖರ್ಚಿನಿಂದ ಕಡಿತ. ಇನ್ನೊಂದು ತೊಡಕೂ ಇತ್ತು. ಹಡಗುಪಡೆಯನ್ನು ನಡೆಸುವವರು ಕರಾವಳಿಯ ಸಾಮಂತರೇ. ಅವರ ಕೈಗೆ ಫಿರಂಗಿ ಹಡಗು ಕೊಟ್ಟರೆ ನಾಳೆ ಅವರು ಕಪ್ಪ ಕೊಡುತ್ತಾರೆಂಬ ಭರವಸೆ ಏನು? ಈ ಕೊನೆಯ ಮಾತು ನನ್ನ ಊಹೆ, ಶಾಸನದಲ್ಲಿ ಇಲ್ಲ. ಆದರೆ ಕರಾವಳಿಯ ಅರಸರು ಹಂಪಿಯ ಮಾತಿಗೆ ಎಷ್ಟು ಸಲ ಕಿವುಡಾಗಿದ್ದರು ಎಂದು ನೋಡಿದವನಿಗೆ ಈ ಊಹೆ ಸಹಜವಾಗಿ ಬರುತ್ತದೆ.

ಪೋರ್ಚುಗೀಸರ ಜೊತೆ ಪೂರ್ತಿ ಕೈಜೋಡಿಸಬಹುದಿತ್ತು. ಆ ಕಡೆಯಿಂದ ಕರೆಯೂ ಬಂದಿತ್ತು. 1510ರಲ್ಲಿ ಅಲ್ಬುಕರ್ಕ್ ಲೂಯಿಸ್ ಎಂಬ ಪಾದ್ರಿಯನ್ನು ಹಂಪಿಗೆ ಕಳಿಸಿದ. ಕಲ್ಲಿಕೋಟೆಯ ವಿರುದ್ಧ ನೆರವಾಗಿ, ಹೋರ್ಮುಜಿನ ಕುದುರೆಯನ್ನು ಬಿಜಾಪುರಕ್ಕೆ ಕೊಡದೆ ಭಟ್ಕಳದಲ್ಲಿ ನಿಮಗೇ ಕೊಡುತ್ತೇವೆ, ಭಟ್ಕಳದಲ್ಲಿ ನೆಲೆ ಮಾಡಿಕೊಳ್ಳಲು ಜಾಗ ಕೊಡಿ ಎಂದು. ಆಸೆ ಹುಟ್ಟಿಸುವ ಮಾತೇ. ಆದರೆ ಕೊಚ್ಚಿ, ಕಣ್ಣೂರುಗಳಲ್ಲಿ ವ್ಯಾಪಾರಕ್ಕೆಂದು ಬಂದವರು ಕೋಟೆ ಕಟ್ಟಿ ಕೂತದ್ದು ಎಲ್ಲರಿಗೂ ಗೊತ್ತಿತ್ತು. ಬಿಜಾಪುರದ ಕೈಗೆ ಕುದುರೆ ಸಿಗದಿರಲಿ ಎಂದು ತನ್ನ ಬಂದರಿನ ಬೀಗದ ಕೈಯನ್ನೇ ಕೊಡುವುದೇ? ರಾಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪಾದ್ರಿ ಹಂಪಿಯಲ್ಲೇ ಕೊಲೆಯಾದ.

ಗೋವಾದ ಮೇಲೆ ತಾನೇ ದಂಡೆತ್ತಿ ಹೋಗುವುದು ಇನ್ನೊಂದು ದಾರಿ. ಗೆದ್ದರೂ ಸುಖವಿರಲಿಲ್ಲ. ದಡ ಸಿಗುತ್ತಿತ್ತು, ಆದರೆ ಕುದುರೆ ತರುವವರು ಹೋರ್ಮುಜಿನಲ್ಲೇ ಬಾಗಿಲು ಹಾಕುತ್ತಿದ್ದರು.

ಉಳಿದದ್ದು ಕೊಳ್ಳುವ ದಾರಿ. ರಾಯ ಅದನ್ನೇ ಹಿಡಿದ, ಗಟ್ಟಿಯಾಗಿ ಚೌಕಾಸಿ ಮಾಡಿದ. 1514ರಲ್ಲಿ ಸಾವಿರ ಕುದುರೆ ಕೊಳ್ಳುವ ಹಕ್ಕು ತನಗೊಬ್ಬನಿಗೇ ಇರಲಿ ಎಂದು ದೊಡ್ಡ ಮೊತ್ತ ಮುಂದಿಟ್ಟ. ಅಲ್ಬುಕರ್ಕ್ ಒಪ್ಪಲಿಲ್ಲ. ಮತ್ತೆ ಯುದ್ಧದ ಮೋಡ ಕವಿದಾಗ ಹಂಪಿಯ ರಾಯಭಾರಿ ಗೋವಾಕ್ಕೆ ಹೋದ, ಬಿಜಾಪುರದ ರಾಯಭಾರಿಯೂ ಹೋದ. ಆಗ ಅಲ್ಬುಕರ್ಕ್ ಮಾಡಿದ್ದನ್ನು ನೋಡಿ. ವರ್ಷಕ್ಕೆ 30,000 ಕ್ರುಜಾದೊ (ಪೋರ್ಚುಗೀಸರ ಚಿನ್ನದ ನಾಣ್ಯ) ಕೊಟ್ಟು, ನಿಮ್ಮ ಆಳುಗಳನ್ನೇ ಗೋವಾಕ್ಕೆ ಕಳಿಸಿ ಕುದುರೆ ಒಯ್ಯುವುದಾದರೆ ಮೊದಲ ಆಯ್ಕೆ ನಿಮ್ಮದು ಎಂದು ರಾಯನಿಗೆ ಬರೆದ. ಗೋವಾದ ಎದುರಿನ ದಡದ ನೆಲ ಬಿಟ್ಟುಕೊಟ್ಟರೆ ಮೊದಲ ಆಯ್ಕೆ ನಿಮ್ಮದು ಎಂದು ಆದಿಲ್‌ಶಾಹನಿಗೂ ಬರೆದ. ಒಂದೇ ಸರಕು, ಇಬ್ಬರು ಕೊಳ್ಳುವವರು. ‘ಶತ್ರುವಿನ ಕೈಗೆ ಹೋಗಬಾರದು’ ಎಂದು ಬರೆದ ರಾಜನಿಗೆ ಈ ಪತ್ರ ಎಷ್ಟು ಚುಚ್ಚಿರಬೇಕು!

ಆದರೂ ಅವನು ಪೂರ್ತಿ ಕೈಗೊಂಬೆ ಆಗಲಿಲ್ಲ. ಭಟ್ಕಳದ ಬಾಗಿಲು ತೆರೆದೇ ಇತ್ತು. ಘಟ್ಟದ ಮೇಲಿನಿಂದ ಅಲ್ಲಿಗೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವು ಎಂದು ಪಾಯೆಸ್ ಬರೆದಿದ್ದಾನೆ. ಅಕ್ಕಿ, ಸಕ್ಕರೆ, ಕಬ್ಬಿಣ, ಕಾಳುಮೆಣಸು ಆ ಕಡೆಗೆ. ಕುದುರೆ, ಮುತ್ತು, ತಾಮ್ರ ಈ ಕಡೆಗೆ. 1520ರಲ್ಲಿ ರಾಯಚೂರಿನ ಕೋಟೆ ಗೆದ್ದಾಗ ಕ್ರಿಸ್ತೊವಾಂವ್ ದೆ ಫಿಗೈರೆದೊ ಎಂಬ ಪೋರ್ಚುಗೀಸ ತನ್ನ ಕೋವಿಯವರ ಜೊತೆ ರಾಯನ ಪಾಳೆಯದಲ್ಲಿದ್ದ. ಅವನು ಬಂದದ್ದು ಕುದುರೆ ಮಾರಲು. ಅದೇ ಹೊತ್ತಿಗೆ, ಬಿಜಾಪುರ ಸೋತು ಕೂತಿರುವುದನ್ನು ನೋಡಿ ಗೋವಾದ ಪೋರ್ಚುಗೀಸ ಅಧಿಕಾರಿ ಎದುರಿನ ದಡದ ನೆಲವನ್ನು ವಶಪಡಿಸಿಕೊಂಡ. ಒಂದೇ ಯುದ್ಧ ಇಬ್ಬರಿಗೂ ಲಾಭ ತಂದಿತು. ಇದನ್ನು ಸ್ನೇಹ ಎನ್ನಬೇಕೋ ಹಗೆ ಎನ್ನಬೇಕೋ ಎಂದರೆ ನಾನು ಎರಡನ್ನೂ ಬಳಸುವುದಿಲ್ಲ. ಸಂತೆಯಲ್ಲಿ ವರ್ಷಗಟ್ಟಲೆ ಒಬ್ಬರ ಹತ್ತಿರವೇ ಕೊಳ್ಳುವವನಿಗೂ ಮಾರುವವನಿಗೂ ಇರುವ ಸಂಬಂಧ ಅದು.

ಇಲ್ಲಿ ಸ್ವಲ್ಪ ಅಕ್ಕಿಯ ಮಾತು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಪೋರ್ಚುಗೀಸರ ಗೋವಾ ಉಣ್ಣುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿ. ಬಸರೂರು, ಮಂಗಳೂರು, ಭಟ್ಕಳ, ಹೊನ್ನಾವರದಿಂದ ಅಕ್ಕಿ ಹೋಗದಿದ್ದರೆ ಅವರ ಒಲೆ ಉರಿಯುವುದು ಕಷ್ಟವಿತ್ತು. ಹೋರ್ಮುಜಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಹಾಗಾದರೆ ಕುದುರೆಗೆ ಬೀಗ ಹಾಕಿದವರಿಗೆ ರಾಯ ಅಕ್ಕಿಯ ಬೀಗ ಹಾಕಬಹುದಿತ್ತಲ್ಲ? ನಾನು ಈ ಪ್ರಶ್ನೆಯನ್ನು ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಂಡಿದ್ದೇನೆ. ಬಸರೂರಿನ ಶಾಸನಗಳನ್ನು ಓದಿದ ಮೇಲೆ ನನಗೆ ಸಿಕ್ಕ ಉತ್ತರ ಇಷ್ಟು: ಅಕ್ಕಿ ಹಂಪಿಯ ಕೈಯಲ್ಲಿ ಇರಲಿಲ್ಲ. ಅದು ಬಸರೂರಿನ ಸೆಟ್ಟಿಗಳ ಕೈಯಲ್ಲಿ, ಹಂಜಮಾನ ಎಂದು ಶಾಸನಗಳು ಕರೆಯುವ ಪರದೇಶಿ ವರ್ತಕರ ಕೂಟದ ಕೈಯಲ್ಲಿ, ಊರೂರಿನ ಅರಸರ ಕೈಯಲ್ಲಿ ಹಂಚಿಹೋಗಿತ್ತು. ಹಂಪಿಗೆ ಬರುತ್ತಿದ್ದದ್ದು ಅದರ ಸುಂಕ, ಕಪ್ಪ. ಒಂದು ಕಡೆ ಬಾಗಿಲು ಹಾಕಿಸಿದರೆ ಪಕ್ಕದ ಅಳಿವೆಯಿಂದ ಪಡಾವು ಹೊರಡುತ್ತಿತ್ತು. ಕುದುರೆ ಮಾರುವವನು ಒಬ್ಬನೇ ಆಗಿದ್ದ, ಅಕ್ಕಿ ಕೊಡುವವರು ನೂರು ಜನ ಇದ್ದರು.

ರಾಯ 1529ರಲ್ಲಿ ತೀರಿಕೊಂಡ. ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. 1542ರಲ್ಲಿ ಪೋರ್ಚುಗೀಸರು ಭಟ್ಕಳವನ್ನು ಸುಟ್ಟರು. 1547ರಲ್ಲಿ ವಿಜಯನಗರದ ಜೊತೆ ಒಪ್ಪಂದವಾಯಿತು. ಗೋವಾಕ್ಕೆ ಬರುವ ಕುದುರೆಯೆಲ್ಲ ವಿಜಯನಗರಕ್ಕೇ, ಬಿಜಾಪುರಕ್ಕೆ ಇಲ್ಲ ಎಂಬ ಷರತ್ತು ಅದರಲ್ಲಿ ಕೊನೆಗೂ ಬಂತು. ಕೃಷ್ಣದೇವರಾಯ ಮೂವತ್ತು ವರ್ಷ ಹಿಂದೆ ಕೇಳಿದ್ದು ಅದನ್ನೇ. ಆದರೆ 1565ರಲ್ಲಿ ತಾಳಿಕೋಟೆ ಯುದ್ಧವಾಗಿ ಹಂಪಿ ಹಾಳಾಯಿತು. ಆಗ ಪೆಟ್ಟು ಬಿದ್ದದ್ದು ನಮಗೆ ಮಾತ್ರವಲ್ಲ. ಕೊಳ್ಳುವವನೇ ಇಲ್ಲದೆ ಗೋವಾದ ಕುದುರೆ ಸುಂಕವೂ ಕುಸಿಯಿತು, ಪೋರ್ಚುಗೀಸರ ಇತಿಹಾಸಕಾರರೇ ಅದನ್ನು ಕೊರಗಿನಿಂದ ಬರೆದಿದ್ದಾರೆ. ಆ ಹೊಡೆತದ ಬೆನ್ನಲ್ಲೇ 1568ರಲ್ಲಿ ಮಂಗಳೂರು, 1569ರಲ್ಲಿ ಹೊನ್ನಾವರ, ಬಸರೂರುಗಳಲ್ಲಿ ಅವರ ಕೋಟೆ ಎದ್ದಿತು. ಘಟ್ಟದ ಮೇಲೆ ದೊಡ್ಡ ರಾಜ ಇರುವವರೆಗೆ ಅವರು ಈ ಅಳಿವೆಗಳಲ್ಲಿ ಬೇರು ಬಿಡಲು ಆಗಿರಲಿಲ್ಲ. ಹಡಗಿಲ್ಲದ ರಾಯನಿಗೆ ಕಡಲಿನ ಮೇಲೆ ಎಷ್ಟು ತೂಕವಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನು ತರಗತಿಯ ವಿಷಯ. ‘ರಾಯನಿಗೆ ನೌಕಾಪಡೆ ಇರಲಿಲ್ಲ’ ಎಂದಷ್ಟೇ ಹೇಳಿ ನಿಲ್ಲಿಸಬಹುದು. ಅದು ತಪ್ಪಲ್ಲ, ಆದರೆ ಮಕ್ಕಳು ಅದನ್ನು ‘ರಾಯನಿಗೆ ಕಡಲು ಗೊತ್ತಿರಲಿಲ್ಲ’ ಎಂದು ಬರೆದುಕೊಳ್ಳುವ ಅಪಾಯವಿದೆ. ‘ಬಿರುದುಗಳೆಲ್ಲ ಹೊಗಳಿಕೆ’ ಎಂದು ಹೇಳಿದರೆ ಮುಂದೆ ಯಾವ ಶಾಸನವನ್ನೂ ಅವರು ನಂಬುವುದಿಲ್ಲ. ನಾನಾಗಿದ್ದರೆ ಒಂದು ಅರಬ್ಬಿ ಸಮುದ್ರದ ನಕ್ಷೆ ತೂಗುಹಾಕಿ, ಹೋರ್ಮುಜ್, ಗೋವಾ, ಭಟ್ಕಳ, ಹಂಪಿ ಈ ನಾಲ್ಕು ಚುಕ್ಕಿ ಇಟ್ಟು, ಮಕ್ಕಳನ್ನೇ ಎರಡು ಗುಂಪು ಮಾಡಿ ಕುದುರೆ ಮಾರಿಸುತ್ತಿದ್ದೆ, ಕೊಳ್ಳಿಸುತ್ತಿದ್ದೆ. ಆಮೇಲೆ ಒಂದು ಚುಕ್ಕಿಗೆ ಬೀಗ ಹಾಕಿ ನೋಡಿ ಎನ್ನುತ್ತಿದ್ದೆ. ಇದರಲ್ಲೂ ಒಂದು ತೊಂದರೆ ಇದೆ. ಆಟದ ಹುಮ್ಮಸ್ಸಿನಲ್ಲಿ ಒಬ್ಬರನ್ನು ಒಳ್ಳೆಯವರು, ಇನ್ನೊಬ್ಬರನ್ನು ಕೆಟ್ಟವರು ಮಾಡಿಬಿಡುತ್ತಾರೆ, ಅದರಲ್ಲೂ ಧರ್ಮದ ಗೆರೆ ಎಳೆದು. ಬಿಜಾಪುರದವನೂ ಅದೇ ಕುದುರೆಗಾಗಿ ಅದೇ ಬಾಗಿಲಲ್ಲಿ ನಿಂತಿದ್ದ, ರಾಯನಿಗೆ ಕುದುರೆ ತರುತ್ತಿದ್ದ ವರ್ತಕರಲ್ಲಿ ಮುಸ್ಲಿಮರೇ ಬಹಳ ಮಂದಿ ಎಂಬುದನ್ನು ಮೊದಲೇ ಹೇಳಿಡಿ.

ಶಾಲೆಯ ಪ್ರವಾಸ ಹಂಪಿಗೆ ಹೋಗುವುದಾದರೆ ಮಹಾನವಮಿ ದಿಬ್ಬದ ಕೆಳಗಿನ ಕಲ್ಲಿನ ಸಾಲುಗಳ ಹತ್ತಿರ ಆ ಹುಡುಗನನ್ನು ನಿಲ್ಲಿಸಿ. ಬೆಳಗಿನ ಓರೆ ಬಿಸಿಲಿದ್ದರೆ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಗಡ್ಡ ಬಿಟ್ಟ, ಉದ್ದ ಟೊಪ್ಪಿಗೆಯ ಪರದೇಶದವರು ಕುದುರೆಗಳನ್ನು ಹಿಡಿದು ನಡೆಸಿಕೊಂಡು ಬರುತ್ತಿದ್ದಾರೆ. ಅವನು ಕೇಳಿದ ಹಡಗಿನಿಂದ ಇಳಿದವರು ಅವರೇ.